ಕಾಲು ತೊಳೆಯೋದಾ ಒರೆಸೋದಾ: ಸುನ್ನಿ-ಶಿಯಾ ವ್ಯತ್ಯಾಸ ಒಂದೇ ಸಾಲಿನಲ್ಲಿ

ಕಾರವಾರದಲ್ಲಿ ನಮ್ಮ ಆಫೀಸಲ್ಲಿ ಇಬ್ರಿದ್ದಾರೆ, ಒಬ್ರು ಭಟ್ಕಳದ ನವಾಯತರು (ಕರಾವಳಿಯ ಸುನ್ನಿ ಮುಸ್ಲಿಮರು), ಇನ್ನೊಬ್ರು ಲಖನೌದಿಂದ ಟ್ರಾನ್ಸ್‌ಫರ್ ಆಗಿ ಬಂದ ಶಿಯಾ. ಮಧ್ಯಾಹ್ನ ಒಂದೇ ನಲ್ಲಿ ಹತ್ರ ಇಬ್ರೂ ವುಝೂ, ಅಂದ್ರೆ ನಮಾಝ್‌ಗೆ ಮುಂಚೆ ಕೈಕಾಲು ಮುಖ ಶುದ್ಧಿ, ಮಾಡ್ತಾರೆ, ಮುಖ ಕೈ ತನಕ ಹೆಚ್ಚುಕಮ್ಮಿ ಒಂದೇ ಥರ, ಆಮೇಲೆ ಭಟ್ಕಳದವರು ಪ್ಯಾಂಟ್ ಮಡಚಿ ಕಾಲಿನ ಗಂಟಿನ ತನಕ ನೀರು ಹಾಕ್ಕೊಂಡು ತೊಳೀತಾರೆ, ಲಖನೌದವರು ಒದ್ದೆ ಕೈಯನ್ನ ಪಾದದ ಮೇಲೆ ಬೆರಳ ತುದಿಯಿಂದ ಒಂದ್ಸಲ ಎಳೆದು ಎದ್ದುಬಿಡ್ತಾರೆ. ನಾನು ಸಿರ್ಸಿ ಕಡೆಯವ, ಇದೆಲ್ಲ ಗೊತ್ತಿಲ್ಲ, ಸುಮ್ನೆ ಕೇಳಿದೆ, ಇಷ್ಟಕ್ಕೇನಾ ಮಾರಾಯ್ರೆ ಸುನ್ನಿ ಶಿಯಾ ಅಂತ ಬೇರೆ ಆಗಿದ್ದು ಅಂತ.

ಅಲ್ಲ ಅಂದ್ರು ಇಬ್ರೂ. ಆದ್ರೆ ಭಟ್ಕಳದವರು ಮೊಬೈಲಲ್ಲಿ ಕುರ್‌ಆನಿನ 5ನೇ ಅಧ್ಯಾಯದ 6ನೇ ಸೂಕ್ತ ತೆಗೆದು ತೋರಿಸಿದ್ರು. ಮುಖ ಕೈ ತೊಳೀರಿ, ತಲೆ ಸವರಿ, ಆಮೇಲೆ ಕಾಲು ಅನ್ನೋ ಪದ ಬರ್ತದೆ. ಅದನ್ನ "ಅರ್ಜುಲಕುಮ್" ಅಂತ ಝಬರ್ ("ಅ" ಸ್ವರದ ಗುರುತು) ಹಾಕಿ ಓದಿದ್ರೆ ಕಾಲು ಹೋಗಿ "ತೊಳೀರಿ"ಗೆ ಸೇರ್ತದೆ, "ಅರ್ಜುಲಿಕುಮ್" ಅಂತ ಝೇರ್ ("ಇ" ಸ್ವರದ ಗುರುತು) ಹಾಕಿದ್ರೆ ಪಕ್ಕದ ತಲೆ ಜೊತೆ "ಸವರಿ"ಗೆ ಸೇರ್ತದೆ. ಎರಡೂ ಪಾಠ ಹಳೆಯವೇ, ಪರಂಪರೆ ಒಪ್ಪಿದ ಓದುಗಾರರಿಂದಲೇ ಬಂದಿದ್ದು, ಸುನ್ನಿ ವ್ಯಾಖ್ಯಾನಕಾರ ತಬರಿ ಎರಡನ್ನೂ ಎದುರಿಗಿಟ್ಟುಕೊಂಡು ಚರ್ಚೆ ಮಾಡಿದ್ದಾರೆ. ಇವತ್ತು ಹೆಚ್ಚಾಗಿ ಪ್ರಿಂಟ್ ಆಗೋದು ಝಬರ್ ಇರೋದೇ, ಶಿಯಾಗಳ ಮನೇಲಿರೋದೂ ಅದೇ ಪ್ರತಿ, ಆದ್ರೆ ಝಬರ್ ಇದ್ರೂ ವ್ಯಾಕರಣದ ಪ್ರಕಾರ "ಸವರಿ"ಗೇ ಸೇರಬಹುದು ಅನ್ನೋದು ಅವರ ವಾದ. ಶಿಯಾಗಳದ್ದು ಬೇರೆ ಕುರ್‌ಆನ್ ಅಂತೆ ಅಂತ ಹೇಳ್ಕೊಂಡು ತಿರುಗೋರಿಗೆ ಇದೊಂದು ಪುಟ ತೋರಿಸಿದ್ರೆ ಸಾಕು ಅನ್ಸುತ್ತೆ ನಂಗೆ.

ಹಾಗಾದ್ರೆ ಬೇರೆ ಆಗಿದ್ದು ಯಾವುದಕ್ಕೆ? 632ರಲ್ಲಿ ಪ್ರವಾದಿಯವರು ಮದೀನಾದಲ್ಲಿ ತೀರಿಕೊಂಡ್ರು, ಮುಂದೆ ಯಾರು ಅನ್ನೋ ಪ್ರಶ್ನೆ ಬಂತು. ಸಕೀಫಾ ಅನ್ನೋ ಚಪ್ಪರದಡಿ ಸೇರಿದವರು ಪ್ರವಾದಿಯವರ ಒಡನಾಡಿ ಅಬೂಬಕರ್ ಅವರನ್ನ ಖಲೀಫಾ, ಅಂದ್ರೆ ಉತ್ತರಾಧಿಕಾರಿ, ಅಂತ ಒಪ್ಪಿದ್ರು, ಪ್ರವಾದಿಯವರ ಅಳಿಯ ಅಲಿಯವರ ಕಡೆಯವರು ಅಲ್ಲ, ಅಲಿಯೇ ಮುಂದೆ ಅಂತ ಪ್ರವಾದಿಯವರೇ ಮೊದಲೇ ಹೇಳಿಬಿಟ್ಟಿದ್ರು ಅಂದ್ರು. ಹೇಳಿದ್ದೆಲ್ಲಿ ಅಂದ್ರೆ ಕೊನೇ ಹಜ್ ಮುಗಿಸಿ ವಾಪಸ್ ಬರೋವಾಗ ಗದೀರ್ ಖುಮ್ ಅನ್ನೋ ಕೊಳದ ಹತ್ರ, "ನಾನು ಯಾರಿಗೆ ಮೌಲಾನೋ ಅಲಿ ಅವರಿಗೆ ಮೌಲಾ" ಅಂತ. ಮಜಾ ಏನಂದ್ರೆ ಈ ಮಾತು ತಿರ್ಮಿಝಿ ಥರದ ಸುನ್ನಿ ಹದೀಸ್ (ಪ್ರವಾದಿಯವರ ಮಾತು, ನಡತೆಯ ವರದಿ) ಗ್ರಂಥದಲ್ಲೂ ಇದೆ, ಜಗಳ ಇರೋದು ಮೌಲಾ ಅಂದ್ರೇನು ಅನ್ನೋದಕ್ಕೆ, ಸುನ್ನಿಗಳಿಗೆ ಅದು ಆಪ್ತ, ಪ್ರೀತಿಗೆ ಅರ್ಹ, ಶಿಯಾಗಳಿಗೆ ನಾಯಕ. ಅರಬ್ಬಿ ನಿಘಂಟಿನಲ್ಲಿ ಎರಡೂ ಅರ್ಥ ಇದೆ!

ಅಲಿಯವರು 656ರಲ್ಲಿ ನಾಲ್ಕನೇ ಖಲೀಫಾ ಆದ್ರು, 661ರಲ್ಲಿ ಕೂಫಾದ ಮಸೀದಿಯಲ್ಲಿ ಕೊಲೆಯಾದ್ರು, 680ರಲ್ಲಿ ಅವರ ಮಗ ಹುಸೇನ್ ಕರ್ಬಲಾದಲ್ಲಿ. ರಾಜಕೀಯದ ಪ್ರಶ್ನೆ ದುಃಖ ಆಗಿ ಮನೆಮನೆಗೆ ಹೋಗಿದ್ದು ಅಲ್ಲಿಂದ. ಪುಸ್ತಕಗಳು ಇನ್ನೂ ಲೇಟು, ಸುನ್ನಿಗಳ ಹದೀಸ್ ಸಂಗ್ರಹಿಸಿದ ಬುಖಾರಿ ತೀರಿಕೊಂಡಿದ್ದು 870ರಲ್ಲಿ, ಶಿಯಾಗಳ ಹದೀಸ್ ಗ್ರಂಥ ಅಲ್ ಕಾಫಿ ಬರೆದ ಕುಲೈನಿ 941ರಲ್ಲಿ, ಅಂದ್ರೆ ಇವರ ಹದೀಸ್ ಅವರು ಓದದೆ ಅವರದ್ದು ಇವರು ಓದದೆ ಇರೋ ರೂಢಿ ಆಮೇಲಾಮೇಲೆ ಗಟ್ಟಿಯಾಗಿದ್ದು.

ನಮ್ಮ ಕರಾವಳಿಗೆ ಬಂದ್ರೆ, 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ ಇಲ್ಲಿಯ ಮುಸ್ಲಿಮರು ಶಾಫಿಗಳು (ಸುನ್ನಿಗಳಲ್ಲೇ ಒಂದು ಪಂಥ) ಅಂತ ಬರೆದಿದ್ದಾರೆ, ಹೆಣ್ಣುಮಕ್ಕಳಿಗೆ ಕುರ್‌ಆನ್ ಬಾಯಿಪಾಠ, ಹುಡುಗಿಯರಿಗೆ 13 ಶಾಲೆ ಹುಡುಗರಿಗೆ 23 ಶಾಲೆ ನೋಡಿದೆ ಅಂತಾನೂ. (ನಂಗಂತೂ ಈ ಲೆಕ್ಕ ಶರಾವತಿ ಸೇತುವೆ ದಾಟೋವಾಗೆಲ್ಲ ನೆನಪಾಗ್ತದೆ.) ಆಮೇಲೆ ಈ ಕಡೆ ಆಳಿದ ಬಿಜಾಪುರದ ಆದಿಲ್‌ಶಾಹಿ ಅರಮನೆ ಒಬ್ಬ ದೊರೆ ಕಾಲಕ್ಕೆ ಶಿಯಾ, ಇನ್ನೊಬ್ಬನ ಕಾಲಕ್ಕೆ ಸುನ್ನಿ ಅಂತ ಬದಲಾಗ್ತಾನೇ ಇತ್ತು, ಭಟ್ಕಳದ ನವಾಯತರು ಮಾತ್ರ ಶಾಫಿಗಳಾಗೇ ಉಳಿದ್ರು. ಘಟ್ಟದ ಮೇಲಿನ ಊರುಗಳಲ್ಲಿ ಹುಸೇನರ ನೆನಪಿನ ಮೊಹರಂಗೆ ಪಂಜಾ (ಹಸ್ತದ ಆಕಾರದ ಲಾಂಛನ) ಕೂರಿಸಿ ಅಲಾಯಿ ಕುಣಿ (ಬೆಂಕಿ ಹಾಕೋ ಗುಂಡಿ) ಸುತ್ತ ಕುಣಿಯೋರಲ್ಲಿ ಶಿಯಾ ಹುಡುಕಿದ್ರೆ ಸಿಗೋದು ಕಷ್ಟ, ಸುನ್ನಿಗಳು, ಹಿಂದೂಗಳೇ ಜಾಸ್ತಿ.

ಒಬ್ಬರದ್ದನ್ನ ಇನ್ನೊಬ್ಬರು ತೆಗೆದು ಓದೋ ಪ್ರಯತ್ನ ನಡೆದಿಲ್ಲ ಅಂತಲ್ಲ. 1959ರಲ್ಲಿ ಕೈರೋದ ಸುನ್ನಿ ವಿದ್ಯಾಪೀಠ ಅಲ್ ಅಝ್‌ಹರ್‌ನ ಮುಖ್ಯಸ್ಥ ಶೇಖ್ ಮಹಮೂದ್ ಶಲ್ತೂತ್ ಶಿಯಾಗಳ ಜಾಫರಿ ಪಂಥದ ಪ್ರಕಾರ ಆಚರಣೆ ಮಾಡಿದ್ರೂ ಸರಿ ಅಂತ ಫತ್ವಾ ಕೊಟ್ಟಿದ್ರು. ದೊಡ್ಡ ಮಾತೇ, ಆದ್ರೆ ಫತ್ವಾದಿಂದ ಅನುಮಾನ ಹೋಗಲ್ಲ, ಪುಟ ತೆಗೆದು ಕೂತ್ರೆ ಸ್ವಲ್ಪ ಹೋಗ್ತದೆ.

ನಮ್ಮ ಆಫೀಸಿನವರು ಈಗ 33ನೇ ಅಧ್ಯಾಯದ 33ಕ್ಕೆ ಬಂದಿದ್ದಾರೆ. ಪ್ರವಾದಿಯವರ ಪತ್ನಿಯರ ಜೊತೆ ಮಾತಾಡೋವಾಗ ಸ್ತ್ರೀಲಿಂಗದ "ಕುನ್ನ" (ನಿಮ್ಮ) ಇದ್ದದ್ದು "ಅಹ್ಲುಲ್ ಬೈತ್" (ಮನೆಯವರು) ಅಂದ ಕಡೆ ಪುಲ್ಲಿಂಗದ "ಕುಮ್" ಆಗ್ತದೆ, ಅಂದ್ರೆ ಇಲ್ಲಿ ಹೇಳ್ತಿರೋದು ಅಲಿ, ಅವರ ಪತ್ನಿ, ಪ್ರವಾದಿಯವರ ಮಗಳು ಫಾತಿಮಾ, ಮಕ್ಕಳಾದ ಹಸನ್, ಹುಸೇನ್ ಬಗ್ಗೆ ಅಂತ ಲಖನೌದವರು. ಭಟ್ಕಳದವರು 11ನೇ ಅಧ್ಯಾಯದ 73 ತೆಗೆದ್ರು, ಅಲ್ಲಿ ದೇವದೂತರು ಇಬ್ರಾಹೀಮರ ಹೆಂಡತಿ ಜೊತೆ ಮಾತಾಡೋವಾಗಲೂ "ಕುಮ್" ಅಂತಾನೇ ಇದೆ. ಲಖನೌದವರು ಸುಮ್ಮನಿರ್ತಾರಾ, ಸುನ್ನಿಗಳದ್ದೇ ಹದೀಸ್ ಗ್ರಂಥ ಸಹೀಹ್ ಮುಸ್ಲಿಂ ತೆಗೆದು, ಪ್ರವಾದಿಯವರು ಆ ನಾಲ್ವರನ್ನ ಕಂಬಳಿ ಒಳಗೆ ಕರ್ಕೊಂಡು ಇದೇ ಸೂಕ್ತ ಓದಿದ್ರು ಅನ್ನೋ ಹದೀಸ್ ಇಟ್ರು, ಅದನ್ನ ಹೇಳಿದ್ದು ಯಾರು ಗೊತ್ತಾ, ಪತ್ನಿಯರಲ್ಲೇ ಒಬ್ಬರಾದ ಆಯಿಶಾ. ಭಟ್ಕಳದವರು ನಾಳೆ ಹೇಳ್ತೇನೆ ಅಂದಿದ್ದಾರೆ.