ಐದು ಮೀಟರ್ ಲೈನಿಂಗ್, ಬ್ಲೌಸಿಗೆ ಮುಕ್ಕಾಲು ಮೀಟರ್: ಭಿನ್ನರಾಶಿ ಭಾಗಾಕಾರ ನನಗೆ ತಿಳಿದ ಬಗೆ

ನಲವತ್ತು ದಾಟಿದ ಮೇಲೆ ಏಳನೇ ಕ್ಲಾಸಿನ ಗಣಿತ ಪುಸ್ತಕ ಮತ್ತೆ ಕೈಗೆತ್ತಿಕೊಂಡಿದ್ದೇನೆ. ಮಗಳಿಗೆ ಹೇಳಿಕೊಡೋಣ ಅಂತ ಶುರುವಾಗಿದ್ದು. ಈಗ ಅವಳು ಮಲಗಿದ ಮೇಲೂ ನಾನೊಬ್ಬಳೇ ಕೂತು ಲೆಕ್ಕ ಮಾಡುತ್ತೇನೆ. ನಿಮ್ಮಲ್ಲೂ ಕೆಲವರು ಹೀಗೇ ದೊಡ್ಡವರಾದ ಮೇಲೆ ಪುಸ್ತಕ ತೆರೆದಿರುತ್ತೀರಿ, ಅಲ್ವಾ? ಅವರಿಗಾಗಿ ಈ ಟಿಪ್ಪಣಿ. ನಿನ್ನೆ ರಾತ್ರಿಯಷ್ಟೇ ತಲೆಗೆ ಹತ್ತಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಭಿನ್ನರಾಶಿಗಳನ್ನು ಕೂಡುವುದು, ಕಳೆಯುವುದು ಇಲ್ಲಿ ಬರೆಯುತ್ತಿಲ್ಲ. ಲ.ಸಾ.ಅ. (ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆದು ಛೇದ, ಅಂದರೆ ಕೆಳಗಿನ ಸಂಖ್ಯೆ, ಒಂದೇ ಮಾಡಿಕೊಂಡರೆ ಅದು ಆಯಿತು. ಗುಣಾಕಾರವೂ ಸುಲಭ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನಾನು ಸಿಕ್ಕಿಬಿದ್ದಿದ್ದು ಭಾಗಾಕಾರದಲ್ಲಿ.

ಎಲ್ಲಿ ಸಿಕ್ಕಿಬಿದ್ದೆ

ನಿಯಮ ನನಗೆ ಮರೆತಿರಲಿಲ್ಲ. ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕು. ಪುಸ್ತಕದ ಮಾತಿನಲ್ಲಿ ವ್ಯುತ್ಕ್ರಮದಿಂದ ಗುಣಿಸುವುದು. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ಆದರೆ ಮಗಳು "ಯಾಕಮ್ಮಾ ತಿರುಗಿಸಬೇಕು?" ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಹಾಗಾಗಿ ಬಟ್ಟೆಯಲ್ಲೇ ನೋಡೋಣ ಅಂತ ಒಂದು ಲೆಕ್ಕ ಹಾಕಿಕೊಂಡೆ. ಲೈನಿಂಗ್ ಬಟ್ಟೆ 5 ಮೀಟರ್ ಇದೆ. ಒಂದು ಬ್ಲೌಸಿಗೆ ಮುಕ್ಕಾಲು ಮೀಟರ್ ಬೇಕು. ಎಷ್ಟು ಬ್ಲೌಸ್ ಆಗುತ್ತದೆ?

ನಿಯಮದ ಪ್ರಕಾರ 5 ÷ 3/4 = 5 × 4/3 = 20/3. ಅಂದರೆ ಆರು ಪೂರ್ಣ, ಮೇಲೆ 2/3.

ಆಮೇಲೆ ನಿಜವಾಗಿ ಟೇಪ್ ಹಿಡಿದು ಅಳೆದೆ. ಟೇಪಿನ ಸೆಂಟಿಮೀಟರ್ ಬದಿಯಲ್ಲಿ 75ಕ್ಕೊಂದು ಚಾಕ್ ಗುರುತು. ಆರು ಗುರುತು ಬಿತ್ತು, 450 ಸೆಂಟಿಮೀಟರ್ ಆಯಿತು. ಉಳಿದ ತುಂಡನ್ನು ಅಳೆದರೆ ಸರಿಯಾಗಿ 50 ಸೆಂಟಿಮೀಟರ್. ಅಂದರೆ ಅರ್ಧ ಮೀಟರ್.

ಕೈಯಲ್ಲಿ ಅರ್ಧ ಇದೆ, ಪುಸ್ತಕದಲ್ಲಿ 2/3 ಇದೆ. ಯಾವುದು ಸರಿ?

ಇಲ್ಲಿ ನಾನು ಎರಡು ದಿನ ನಿಂತೆ. ಲೆಕ್ಕ ಮೂರು ಸಲ ಮಾಡಿದೆ, ಬಟ್ಟೆ ಮೂರು ಸಲ ಅಳೆದೆ. ಎರಡೂ ಬದಲಾಗಲಿಲ್ಲ. ಕೊನೆಗೆ ಗೊತ್ತಾಯಿತು, ಎರಡೂ ಸರಿ. ಎರಡೂ ಒಂದೇ ತುಂಡಿನ ಬಗ್ಗೆಯೇ ಹೇಳುತ್ತಿವೆ. ಆದರೆ ಒಂದು ಮೀಟರಿನಲ್ಲಿ ಹೇಳುತ್ತಿದೆ, ಇನ್ನೊಂದು ಬ್ಲೌಸಿನಲ್ಲಿ ಹೇಳುತ್ತಿದೆ.

ನಿಧಾನವಾಗಿ ನೋಡಿ. ಕೇಳಿದ ಪ್ರಶ್ನೆ "ಎಷ್ಟು ಬ್ಲೌಸ್" ಅಂತ. ಹಾಗಾಗಿ ಉತ್ತರ ಪೂರ್ತಿ ಬ್ಲೌಸಿನ ಲೆಕ್ಕದಲ್ಲೇ ಬರಬೇಕು. ಆರು ಬ್ಲೌಸ್, ಮತ್ತೆ ಒಂದು ಬ್ಲೌಸಿನ ಎಷ್ಟು ಪಾಲು? ಉಳಿದಿದ್ದು 50 ಸೆಂಟಿಮೀಟರ್. ಒಂದು ಬ್ಲೌಸಿಗೆ ಬೇಕಾದದ್ದು 75. ಐವತ್ತು ಎಪ್ಪತ್ತೈದರಲ್ಲಿ ಮೂರನೇ ಎರಡು ಪಾಲು. ಅಷ್ಟೇ! ತುಂಡು ಅರ್ಧ ಮೀಟರ್ ಹೌದು, ಆದರೆ ಅದು ಅರ್ಧ ಬ್ಲೌಸ್ ಅಲ್ಲ. ಮುಕ್ಕಾಲಿಗಿಂತ ಜಾಸ್ತಿ ಬಟ್ಟೆಯೇ ಬೇಡದ ಬ್ಲೌಸಿಗೆ ಅರ್ಧ ಮೀಟರ್ ಅಂದರೆ ಅರ್ಧಕ್ಕಿಂತ ಹೆಚ್ಚೇ.

"ಆರೂವರೆ" ಅಂತ ಬರೆದುಬಿಡುವ ತಪ್ಪು ಇಲ್ಲೇ ಆಗುವುದು. ಆರು ಅನ್ನುವುದು ಬ್ಲೌಸಿನ ಲೆಕ್ಕ, ಅರ್ಧ ಅನ್ನುವುದು ಮೀಟರಿನ ಲೆಕ್ಕ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಸೇರಿಸಿಬಿಟ್ಟೆವು. ಐದು ರೂಪಾಯಿಗೆ ಹತ್ತು ಪೈಸೆ ಸೇರಿಸಿ ಹದಿನೈದು ಅಂದ ಹಾಗೆ.

ಈಗ ನಾನು ಪ್ರತಿ ಭಿನ್ನರಾಶಿಯ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ "ಯಾವುದರ?" ಅಂತ ಬರೆದುಕೊಳ್ಳುತ್ತೇನೆ. 3/4, ಯಾವುದರ? ಮೀಟರಿನ. 2/3, ಯಾವುದರ? ಬ್ಲೌಸಿನ. ಇದನ್ನು ಬರೆಯಲು ಶುರು ಮಾಡಿದ ಮೇಲೆ ನನ್ನ ಅರ್ಧ ಗೊಂದಲ ಹೋಯಿತು.

ಮುಕ್ಕಾಲು ಅಂದರೆ ಮೂರು ಕಾಲು

ತಲೆಕೆಳಗು ಮಾಡದೆಯೂ ಭಾಗಿಸಬಹುದು. ನನಗೆ ಬಹಳ ಇಷ್ಟವಾದ ದಾರಿ ಇದು, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮುಕ್ಕಾಲು ಅನ್ನುವ ಮಾತನ್ನು ಬಿಡಿಸಿ ನೋಡಿ. ಮೂರು ಕಾಲು. ಮುನ್ನೂರು ಅಂದರೆ ಮೂರು ನೂರು ಇದ್ದ ಹಾಗೆ. ಇಷ್ಟು ವರ್ಷ ಬಾಯಲ್ಲಿ ಆಡಿದರೂ ನನಗೆ ಹೊಳೆದಿರಲಿಲ್ಲ. ಕಾಲು ಅನ್ನುವುದು ಒಂದು ಅಳತೆ, ಅಂಥವು ಮೂರು. 3/4ರಲ್ಲಿ ಕೆಳಗಿನ 4 ಯಾವ ಅಳತೆ ಅಂತ ಹೇಳುತ್ತದೆ, ಮೇಲಿನ 3 ಅಂಥವು ಎಷ್ಟು ಅಂತ ಹೇಳುತ್ತದೆ.

ಹಾಗಾದರೆ 5 ಮೀಟರನ್ನೂ ಕಾಲು ಮೀಟರಿನಲ್ಲೇ ಎಣಿಸೋಣ. ಒಂದು ಮೀಟರಿಗೆ ನಾಲ್ಕು ಕಾಲು, ಐದಕ್ಕೆ ಇಪ್ಪತ್ತು ಕಾಲು. ಒಂದು ಬ್ಲೌಸಿಗೆ ಮೂರು ಕಾಲು. ಇಪ್ಪತ್ತನ್ನು ಮೂರರಿಂದ ಭಾಗಿಸಿ. ಆರು ಸಲ ಹೋಗುತ್ತದೆ, ಎರಡು ಉಳಿಯುತ್ತದೆ. ಇನ್ನೊಂದು ಬ್ಲೌಸಿಗೆ ಮೂರು ಬೇಕು, ಇರುವುದು ಎರಡು. ಅದೇ 2/3.

ಅಂದರೆ ಛೇದ ಒಂದೇ ಮಾಡಿಕೊಂಡ ಮೇಲೆ ಛೇದವನ್ನು ಮರೆತುಬಿಡಿ. ಅಂಶಗಳನ್ನು, ಅಂದರೆ ಮೇಲಿನ ಸಂಖ್ಯೆಗಳನ್ನು, ಮಾತ್ರ ಭಾಗಿಸಿ. ಕೂಡುವುದಕ್ಕೆ ಕಲಿತ ಕೆಲಸವೇ ಇಲ್ಲೂ ಸಾಕು.

ಇನ್ನೊಂದು ನೋಡಿ: 2/3 ÷ 1/4. ಲ.ಸಾ.ಅ. 12. ಇದು 8/12 ÷ 3/12 ಆಗುತ್ತದೆ. ಹನ್ನೆರಡನೇ ಪಾಲುಗಳು ಎಂಟು ಇವೆ, ಮೂರು ಮೂರರಂತೆ ತೆಗೆಯಬೇಕು. ಉತ್ತರ 8/3. ತಿರುಗಿಸಿ ಮಾಡಿದರೂ 2/3 × 4/1 = 8/3.

ನಮ್ಮಜ್ಜಿ ಈ ಲೆಕ್ಕವನ್ನು ಕಾಗದವಿಲ್ಲದೆ ಮಾಡುತ್ತಿದ್ದರು. ನಮ್ಮ ಕಡೆ ಒಂದು ಸೇರಿಗೆ ನಾಲ್ಕು ಪಾವು, ಒಂದು ಪಾವಿಗೆ ನಾಲ್ಕು ಚಟಾಕು. ಅರ್ಧ ಸೇರಿಗೆ ಅಚ್ಚೇರು. ಮುಕ್ಕಾಲು ಸೇರು ಅಕ್ಕಿಯನ್ನು ಅರೆಪಾವಿನಿಂದ ಅಳೆದರೆ ಎಷ್ಟು ಸಲ? ಮುಕ್ಕಾಲು ಸೇರು ಅಂದರೆ ಮೂರು ಪಾವು, ಹಾಗಾಗಿ ಆರು ಸಲ. ಪುಸ್ತಕದಲ್ಲಿ ಇದು 3/4 ÷ 1/8 = 6. ಅಜ್ಜಿ ಎರಡನ್ನೂ ಒಂದೇ ಅಳತೆಗೆ ತಂದುಕೊಳ್ಳುತ್ತಿದ್ದರು, ಆಮೇಲೆ ಸುಮ್ನೆ ಎಣಿಸುತ್ತಿದ್ದರು.

ಭಾಗಿಸಿದರೆ ಉತ್ತರ ದೊಡ್ಡದಾಗುತ್ತದಲ್ಲ ಅನ್ನುವ ಅನುಮಾನವೂ ಇಲ್ಲೇ ತೀರುತ್ತದೆ. ಅಳತೆ ಪಾತ್ರೆ ಚಿಕ್ಕದಾದಷ್ಟೂ ಹೆಚ್ಚು ಸಲ ಅಳೆಯಬೇಕು.

ಹಾಗಾದರೆ ತಿರುಗಿಸುವುದು ಯಾಕೆ

ಒಂದು ಮೀಟರಿನಲ್ಲಿ ಎಷ್ಟು ಬ್ಲೌಸ್ ಅಂತ ಮೊದಲು ಕೇಳಿ. ನಾಲ್ಕು ಕಾಲಿನಲ್ಲಿ ಮೂರು ಕಾಲು ಹೋದರೆ ಒಂದು ಬ್ಲೌಸ್. ಒಂದು ಕಾಲು ಉಳಿಯಿತು. ಅದು ಬ್ಲೌಸಿನ ಮೂರನೇ ಒಂದು ಪಾಲು. ಒಟ್ಟು 1⅓, ಅಂದರೆ 4/3.

ಮುಕ್ಕಾಲನ್ನು ತಿರುಗಿಸಿದಾಗ ಸಿಗುವ 4/3 ಇದೇ. ಅದು ಸುಮ್ಮನೆ ಮಗುಚಿದ ಸಂಖ್ಯೆ ಅಲ್ಲ. "ಒಂದು ಮೀಟರಿಗೆ ಇಷ್ಟು ಬ್ಲೌಸ್" ಅನ್ನುವ ದರ. ಒಂದು ಮೀಟರಿಗೆ 4/3 ಆದರೆ ಐದು ಮೀಟರಿಗೆ 5 × 4/3. ಅರ್ಧ ಮೀಟರ್ ಮಾತ್ರ ಇದ್ದರೆ 1/2 × 4/3 = 2/3. ಮೇಲೆ ಉಳಿದ ತುಂಡಿಗೂ ಇದೇ ಉತ್ತರ ಬಂದಿತ್ತು. ಇದು ಕಂಡಾಗ ನನಗೆ ನಿಜವಾಗಿ ಖುಷಿಯಾಯಿತು.

ಮೊದಲನೆಯದನ್ನು ಯಾಕೆ ತಿರುಗಿಸಬಾರದು ಅಂತಲೂ ಈಗ ಗೊತ್ತಾಗುತ್ತದೆ. ಮೊದಲನೆಯದು ಇರುವ ಬಟ್ಟೆ, ಎರಡನೆಯದು ಒಂದೊಂದಕ್ಕೆ ಬೇಕಾದದ್ದು. ದರ ಹುಟ್ಟುವುದು ಎರಡನೆಯದರಿಂದ.

ಈ ನಿಯಮ ನಮ್ಮ ನೆಲದಲ್ಲೇ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಭಾಜಕದ, ಅಂದರೆ ಭಾಗಿಸುವ ಭಿನ್ನರಾಶಿಯ, ಅಂಶವನ್ನೂ ಛೇದವನ್ನೂ ಅದಲುಬದಲು ಮಾಡಿ ಗುಣಿಸಬೇಕು ಅಂತ ಅದರಲ್ಲಿದೆ. ಅದೇ ಪುಸ್ತಕದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಅಂತಲೂ ಇದೆ. ಇದನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಬಟ್ಟೆಯಲ್ಲೇ ನೋಡಿ. ಬ್ಲೌಸಿಗೆ ಸೊನ್ನೆ ಮೀಟರ್ ಬೇಕು ಅಂದರೆ ಐದು ಮೀಟರಿನಲ್ಲಿ ಎಷ್ಟು ಬ್ಲೌಸ್? ಎಷ್ಟು ಸಲ ತೆಗೆದರೂ ಬಟ್ಟೆ ಕರಗುವುದಿಲ್ಲ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಐದು ಬರುವುದಿಲ್ಲ, ಹಾಗಾಗಿ ಅದಕ್ಕೆ ಉತ್ತರವೇ ಇಲ್ಲ. ಅಷ್ಟು ದೊಡ್ಡ ಗಣಿತಜ್ಞನೂ ಎಡವಿದ ಜಾಗ ಇದು. ನಾವು ಇಲ್ಲಿ ಎರಡು ದಿನ ನಿಂತರೆ ನಾಚಿಕೆಪಡಬೇಕಿಲ್ಲ.

ಇನ್ನೊಂದು ಬಗೆಯ ಪ್ರಶ್ನೆ

ಎಲ್ಲ ಭಾಗಾಕಾರವೂ "ಎಷ್ಟು ಸಲ" ಅಂತ ಕೇಳುವುದಿಲ್ಲ. ಅರ್ಧ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಪೂರ್ತಿ ಕೆಲಸಕ್ಕೆ ಎಷ್ಟು? ಇದೂ 3/4 ÷ 1/2. ಇಲ್ಲಿ ಅಳೆಯುವ ಮಾತಿಲ್ಲ. ಒಂದು ಪೂರ್ತಿಗೆ ಎಷ್ಟು ಅಂತ ಕೇಳುತ್ತಿದ್ದೇವೆ. ಉತ್ತರ ಒಂದೂವರೆ ಗಂಟೆ. ಲೆಕ್ಕ ಒಂದೇ, ಕಥೆ ಬೇರೆ.

ಶೇಕಡಾ: ಇಲ್ಲೂ ಅದೇ "ಯಾವುದರ?"

ಒಂದು ಇಸ್ತ್ರಿ ಪೆಟ್ಟಿಗೆ, ಶೇಕಡಾ 18 ಜಿಎಸ್‌ಟಿ ಸೇರಿ 2,360 ರೂಪಾಯಿ ಅಂದುಕೊಳ್ಳಿ. ತೆರಿಗೆ ಬಿಟ್ಟರೆ ಬೆಲೆ ಎಷ್ಟು? ನಾನು 2,360ರ ಶೇಕಡಾ 18 ತೆಗೆದೆ, 424.80 ಬಂತು. ಕಳೆದರೆ 1,935.20. ಅದಕ್ಕೆ ಮತ್ತೆ ಶೇಕಡಾ 18 ಸೇರಿಸಿ ನೋಡಿದೆ, 2,360 ಬರಲಿಲ್ಲ.

ಪೆನ್ಸಿಲ್ ತೆಗೆದು ಬರೆದೆ: 18, ಯಾವುದರ? ಮೂಲ ಬೆಲೆಯ. ನಾನು ತೆಗೆದಿದ್ದು ಒಟ್ಟು ಬೆಲೆಯ ಮೇಲೆ. ಮೂಲ ಬೆಲೆ 100 ಪಾಲು, ತೆರಿಗೆ 18 ಪಾಲು, ಒಟ್ಟು 118 ಪಾಲು. 2,360ನ್ನು 118ರಿಂದ ಭಾಗಿಸಿದರೆ ಒಂದು ಪಾಲಿಗೆ 20 ರೂಪಾಯಿ. ಮೂಲ ಬೆಲೆ 2,000, ತೆರಿಗೆ 360. ಮತ್ತೆ ಕಾಲುಗಳನ್ನು ಎಣಿಸಿದ ಹಾಗೆಯೇ.

500 ರೂಪಾಯಿ ಸೀರೆಗೆ ಶೇಕಡಾ 20 ಏರಿಸಿ, ಆಮೇಲೆ ಶೇಕಡಾ 20 ಇಳಿಸಿದರೆ 480 ಆಗುವುದೂ ಇದೇ ಕಾರಣಕ್ಕೆ. ಏರಿಸಿದ್ದು 500ರ ಮೇಲೆ, ಇಳಿಸಿದ್ದು 600ರ ಮೇಲೆ.

ಋಣ ಗುಣಿಸು ಋಣ

ಇದು ನನಗೆ ಬೇಗ ಬಂತು, ಎರಡೇ ಮಾತು. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ, ಋಣವನ್ನು ಋಣದಿಂದ ಗುಣಿಸಿದರೆ ಧನ ಅನ್ನುವಂಥ ನಿಯಮಗಳನ್ನು ಬರೆದಾಗ ಬಳಸಿದ್ದು ಧನ, ಋಣ ಅನ್ನುವ ಮಾತುಗಳನ್ನೇ. ಋಣ ಅಂದರೆ ಸಾಲ. ಎರಡೆರಡು ಸಾವಿರದ ಮೂರು ಕಂತು ಮನ್ನಾ ಆದರೆ ನಿಮ್ಮ ಪರಿಸ್ಥಿತಿ ಆರು ಸಾವಿರದಷ್ಟು ಮೇಲೆ ಬರುತ್ತದೆ. ಹೋದ ಕಂತು ಮೂರು, ಅದು −3; ಒಂದೊಂದು ಕಂತಿನ ಸಾಲ −2,000. (−3) × (−2,000) = 6,000.

ಮಾಡಿ ನೋಡಲು ಒಂದು

ಬಟ್ಟೆ ಮೂರೂವರೆ ಮೀಟರ್. ಒಂದು ಮಗುವಿನ ಅಂಗಿಗೆ 5/8 ಮೀಟರ್. ಎಷ್ಟು ಅಂಗಿ, ಎಷ್ಟು ಬಟ್ಟೆ ಉಳಿಯುತ್ತದೆ? ಎರಡನ್ನೂ ಬೇರೆ ಬೇರೆ ಬರೆಯಿರಿ. ಮೊದಲು ನೀವೇ ಮಾಡಿ, ಆಮೇಲೆ ಕೆಳಗೆ ನೋಡಿ.

ಮೂರೂವರೆ ಮೀಟರ್ ಅಂದರೆ ಎಂಟನೇ ಪಾಲುಗಳು 28. ಒಂದು ಅಂಗಿಗೆ ಅಂಥವು 5. ಇಪ್ಪತ್ತೆಂಟರಲ್ಲಿ ಐದು ಐದರಂತೆ ಐದು ಸಲ, ಉಳಿದಿದ್ದು 3. ಅಂಗಿಯ ಲೆಕ್ಕದಲ್ಲಿ ಐದು ಪೂರ್ಣ, ಮೇಲೆ 3/5. ಬಟ್ಟೆಯ ಲೆಕ್ಕದಲ್ಲಿ ಉಳಿದಿದ್ದು 3/8 ಮೀಟರ್, ಟೇಪಿನಲ್ಲಿ ಮೂವತ್ತೇಳೂವರೆ ಸೆಂಟಿಮೀಟರ್.