ಯಾವ ಚಾಕು ಕಂಪನಿ ದೊಡ್ಡದು?

ದಾವಣಗೆರೆಯಲ್ಲಿ ಹೋಟೆಲ್ ಅಡುಗೆಮನೆ ಸಾಮಾನು ಮಾರುತ್ತೇನೆ. ಹೋದ ವಾರ ಮಂಡಕ್ಕಿ ಅಂಗಡಿಯವರೊಬ್ಬರು ಬಂದು ಹಳೇ ಚಾಕುವನ್ನು ಕೌಂಟರ್ ಮೇಲಿಟ್ಟರು. ಸಾಣೆ ಹಿಡಿಸಿ ಹಿಡಿಸಿ ಅಲಗಿನ ನಡುಭಾಗ ಸವೆದು, ಕುಡುಗೋಲಿನ ಹಾಗೆ ಒಳಗೆ ಬಾಗಿತ್ತು. "ಅಣ್ಣಾ, ಎಲ್ಲಕ್ಕಿಂತ ದೊಡ್ಡ ಕಂಪನಿ ಯಾವ್ದೋ ಅದ್ರದ್ದೇ ಕೊಡ್ರಿ" ಎಂದರು.

ದೊಡ್ಡದು ಅಂದರೆ ಯಾವ ಲೆಕ್ಕದಲ್ಲಿ? ಬರೀ ವಹಿವಾಟು ನೋಡಿದರೆ ಫಿನ್‌ಲೆಂಡಿನ ಫಿಸ್ಕರ್ಸ್ ಭಾರೀ ಕಂಪನಿ. 1649ರಲ್ಲಿ ಕಬ್ಬಿಣದ ಕಾರ್ಖಾನೆಯಾಗಿ ಶುರುವಾಯಿತು. 1987ರಲ್ಲಿ ಅಮೆರಿಕದ ಗರ್ಬರ್ ಚಾಕು ಕಂಪನಿಯನ್ನು ಕೊಂಡಿತು. 2023ರಲ್ಲಿ ಅದರ ಮಾರಾಟ ಸುಮಾರು 113 ಕೋಟಿ ಯೂರೊ. ಆದರೆ ಅದರಲ್ಲಿ ವೆಡ್ಜ್‌ವುಡ್ ಪಿಂಗಾಣಿ, ವಾಟರ್‌ಫರ್ಡ್ ಗಾಜು, ತೋಟದ ಕತ್ತರಿ ಎಲ್ಲಾ ಸೇರಿದೆ. ಇದನ್ನು ಚಾಕುವಿನ ಲೆಕ್ಕಕ್ಕೆ ಹಿಡಿಯುವುದು, ಕಿರಾಣಿ ಅಂಗಡಿಯ ಪೂರ್ತಿ ಗಲ್ಲಾ ತೋರಿಸಿ ಇಷ್ಟು ಉಪ್ಪು ಮಾರಿದೆ ಅಂದ ಹಾಗೆ. ಜರ್ಮನಿಯ ಜೋಲಿಂಗೆನ್‌ನ ಝ್ವಿಲಿಂಗ್ ಕಥೆಯೂ ಅಷ್ಟೇ. 1731ರಷ್ಟು ಹಳೆಯ ಚಾಕು ಕಂಪನಿ, ಈಗ ಸ್ಟೌಬ್ ಪಾತ್ರೆಗಳೂ ಅದರವೇ.

ತುಂಡುಗಳ ಲೆಕ್ಕ ಹಿಡಿದರೆ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ನೆನಪಾಗುತ್ತದೆ. 1884ರಲ್ಲಿ ಶುರುವಾದ ಈ ಕಂಪನಿ ವರ್ಷಕ್ಕೆ ಸುಮಾರು 1 ಕೋಟಿ ಜೇಬುಚಾಕು ಮಾಡುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನದೊಳಗೆ ಚಾಕು ಒಯ್ಯುವಂತಿಲ್ಲ ಎಂದಾದಾಗ ಮಾರಾಟ ಥಟ್ಟನೆ ಬಿತ್ತು. ಗಡಿಯಾರ, ಸೂಟ್‌ಕೇಸ್ ಕೈಹಿಡಿದವು. 2005ರಲ್ಲಿ ತನ್ನ ಎದುರಾಳಿ ವೆಂಗರ್ ಅನ್ನೇ ಕೊಂಡುಕೊಂಡಿತು.

1814ರಲ್ಲಿ ಶುರುವಾದ ಜರ್ಮನಿಯ ಚಾಕು ಕಂಪನಿ ವುಸ್ಟೋಫ್ ಇವತ್ತಿಗೂ ಮನೆತನದ್ದೇ, ಷೇರುಪೇಟೆಯಲ್ಲಿಲ್ಲ. ಮೂರು ತಿಂಗಳಿಗೊಮ್ಮೆ ಜನರ ಮುಂದೆ ಲೆಕ್ಕ ಇಡುವ ಹಂಗೂ ಇಲ್ಲ. ಹಾಗಾಗಿ "ಜಗತ್ತಿನ ನಂಬರ್ ಒನ್" ಎಂಬ ಪಟ್ಟಿ ಕಂಡರೆ, ಅದು ತುಂಡಿನದೋ ದುಡ್ಡಿನದೋ ಅಂತ ಮೊದಲು ಕೇಳಿ. ಜಪಾನಿನ ಕಾಯ್ ಕಂಪನಿಯ ಒಂದು ಶುನ್ ಚಾಕುವಿನ ದುಡ್ಡಿಗೆ ಹೋಟೆಲ್‌ನವರ ಸಾದಾ ಚಾಕು ಹಲವು ಬರುತ್ತವೆ. ಎರಡು ಲೆಕ್ಕವೂ ಒಂದೇ ಆಗಲ್ಲ, ಅಲ್ವಾ?

ನಮ್ಮವರಿಗೆ ಇದಕ್ಕಿಂತ ಉಕ್ಕಿನ ಗಡಸುತನ ಮುಖ್ಯ. ರಾಕ್‌ವೆಲ್ ಅಳತೆಯಲ್ಲಿ ಶುನ್ 60-61, ವಿಕ್ಟೋರಿನಾಕ್ಸ್ ಅಡುಗೆ ಚಾಕು 55-56ರ ಆಸುಪಾಸು. ಗಡಸು ಜಾಸ್ತಿ ಇದ್ದರೆ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಗಟ್ಟಿ ಪದಾರ್ಥಕ್ಕೆ ಬಡಿದರೆ ಅಂಚು ಚಕ್ಕೆ ಏಳುತ್ತದೆ. ಬೆಳಗಿನಿಂದ ಈರುಳ್ಳಿ ಹೆಚ್ಚುವ ಹುಡುಗರು ಚಾಕುವನ್ನು ನಾಜೂಕಾಗಿ ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಮೊಂಡು ಚಾಕುವನ್ನು ಒತ್ತಿ ಹಿಡಿದು ಬೆರಳು ಕೊಯ್ದುಕೊಂಡವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ನನಗೆ ಚಿಂತೆ.

ಮಂಡಕ್ಕಿ ಅಂಗಡಿಯವರಿಗೆ ಸುಲಭಕ್ಕೆ ಚಕ್ಕೆ ಏಳದ ಮೆದು ಉಕ್ಕಿನ ಚಾಕು ಕೊಟ್ಟೆ, ಅದು ಬೇಗ ಮೊಂಡಾಗುವುದರಿಂದ ಜೊತೆಗೆ ಉಕ್ಕಿನ ಮಸೆಯುವ ಕಡ್ಡಿ. ದಿನಾ ಕೆಲಸಕ್ಕೆ ಮುಂಚೆ ಎರಡೂ ಬದಿ ನಾಲ್ಕೈದು ಸಲ, ಹಗುರವಾಗಿ ಎಳೆಯಿರಿ ಎಂದೆ. ಆಮೇಲೆ ಅಂಚನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಬಿಳಿ ಗೆರೆ ಹೊಳೆದರೆ ಅಲ್ಲಿ ಇನ್ನೂ ಮೊಂಡು ಇದೆ.