ಹಳೇ ಕಾಂಟೆಸ್ಸಾಗೆ ಯಾವ ಹೆಡ್ ಗ್ಯಾಸ್ಕೆಟ್: ತಾಮ್ರದ್ದಾ, ಸ್ಟೀಲ್‌ದಾ, ಮಾಮೂಲಿದಾ?

ಪ್ರಶ್ನೆ: ಅಣ್ಣ, ನಮ್ದು 1.8 ಪೆಟ್ರೋಲ್ ಕಾಂಟೆಸ್ಸಾ, ಅಪ್ಪ ತಗೊಂಡಿದ್ದ ಗಾಡಿ. ಸಂಪಾಜೆ ಘಾಟಿ ಹತ್ತುವಾಗ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ ಹೋಯ್ತು. ಹೇಗೂ ಬಿಚ್ಚಿದೀವಲ್ಲ ಅಂತ ಕ್ಯಾಮು (ವಾಲ್ವ್ ತೆರೆಯೋ ಶಾಫ್ಟು), ಕಾರ್ಬ್ಯುರೇಟರು ಎಲ್ಲ ಸ್ವಲ್ಪ ಚುರುಕು ಮಾಡ್ಸೋಣ ಅಂತಿದೀನಿ, ಕೊಯ್ಲು ಮುಗಿದ್ಮೇಲೆ ಗದ್ದೇಲಿ ಆಟೋಕ್ರಾಸ್ ರೇಸ್‌ಗೂ ಇಳಿಸೋ ಆಸೆ ಇದೆ. ಒಬ್ರು ತಾಮ್ರದ ಗ್ಯಾಸ್ಕೆಟ್ ಹಾಕು, ಜೀವಮಾನಕ್ಕೆ ಸಾಕು ಅಂತಾರೆ. ಇನ್ನೊಬ್ರು ಈಗಿನ ಕಾರಲ್ಲಿ ಬರೋ ಸ್ಟೀಲ್ ಪದರದ್ದು ಅಂತಾರೆ. ಮೆಕ್ಯಾನಿಕ್ ಮಾತ್ರ ಮಾಮೂಲಿದೇ ಸಾಕು ಅಂತಾರೆ. ಯಾವ್ದು ಹಾಕ್ಲಿ?

ನಿಮ್ಮ ಮೆಕ್ಯಾನಿಕ್ ಮಾತೇ ಸರಿ ಅನ್ಸತ್ತೆ ನಂಗೆ. ಆದ್ರೆ ಅದು ಯಾಕೆ ಸರಿ ಅಂತ ಗೊತ್ತಿಲ್ದೆ ಹಾಕಿದ್ರೆ ಅದೂ ಮುಂದಿನ ಮಳೆಗಾಲದೊಳಗೆ ಹೋಗತ್ತೆ. ಈ ಪ್ರಶ್ನೆ ನಂಗೆ ಪದ್ಮಿನಿ ಕಾರಿನವ್ರು, ಜಿಪ್ಸಿಯವ್ರು, ಎಸ್ಟೀಮ್ ಇಟ್ಕೊಂಡವ್ರು ಎಲ್ರೂ ಕೇಳ್ತಾರೆ, ಎಲ್ರೂ ಯಾವ್ದು ಗಟ್ಟಿ ಅಂತಾನೇ ಶುರು ಮಾಡೋದು. ಹೆಡ್ ಗ್ಯಾಸ್ಕೆಟ್ ಅಂದ್ರೆ ಎಂಜಿನ್‌ನ ಬ್ಲಾಕು, ಅದರ ಮೇಲೆ ಕೂರೋ ಹೆಡ್ಡು, ಇವೆರಡರ ನಡುವಿನ ಸಂದು ಮುಚ್ಚೋ ಹಾಳೆ. ನಾನು ಹೇಳೋದು, ಗ್ಯಾಸ್ಕೆಟ್ ಅಂಗಡಿಗೆ ಹೋಗೋಕೆ ಮುಂಚೆ ಹೆಡ್ಡು, ಬ್ಲಾಕು ಎರಡೂ ಒಂದಕ್ಕೊಂದು ಕೂರೋ ಮುಖ ನೋಡಿ. ಎಷ್ಟು ನೇರ ಇದೆ, ಎಷ್ಟು ನುಣುಪಿದೆ ಅನ್ನೋದೇ ಯಾವ ಗ್ಯಾಸ್ಕೆಟ್ ಅಂತ ಹೇಳತ್ತೆ.

ಗ್ಯಾಸ್ಕೆಟ್ ಮೇಲೆ ಬೀಳೋ ಭಾರ ಎಷ್ಟು ಅಂತ ಒಂದ್ಸಲ ಲೆಕ್ಕ ಹಾಕಿ. ಕಾಂಟೆಸ್ಸಾದ ಇಸುಜು ಎಂಜಿನ್ 1817 ಸಿಸಿ, ಬೋರ್ (ಸಿಲಿಂಡರ್ ಅಗಲ) 84 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡೋ ಉದ್ದ) 82. ಪೂರ್ತಿ ಲೋಡಲ್ಲಿ ಸಿಲಿಂಡರ್ ಒಳಗೆ 50 ಬಾರ್ ಪ್ರೆಶರ್ ಆಯ್ತು ಅಂತ ಇಟ್ಕೊಂಡ್ರೂ ಒಂದೊಂದು ಸಿಲಿಂಡರ್ ಹೆಡ್ಡನ್ನ ಸುಮಾರು 2,800 ಕೆಜಿ ಬಲದಲ್ಲಿ ಮೇಲಕ್ಕೆ ನೂಕತ್ತೆ, ಅದೂ ನಿಮಿಷಕ್ಕೆ ಸಾವಿರಾರು ಸಲ. ಅದರ ಪಕ್ಕದಲ್ಲೇ ಬಿಸಿ ನೀರು ಹರೀತಿರತ್ತೆ, ಆಯಿಲ್ ಹರೀತಿರತ್ತೆ, ಮೂರೂ ಒಂದಕ್ಕೊಂದು ಸೇರ್ಬಾರ್ದು. ಇದ್ರ ಜೊತೆಗೆ ಇನ್ನೊಂದು ವಿಷ್ಯ ಇದೆ, ಜನ ಗಮನಿಸೋದು ಕಮ್ಮಿ. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂದು, ಬಿಸಿಗೆ ಅಲ್ಯುಮಿನಿಯಂ ಕಬ್ಬಿಣದ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗತ್ತೆ. ಅರ್ಧ ಮೀಟರ್ ಉದ್ದದ ಹೆಡ್ಡು ಬೆಳಗ್ಗಿನ ಚಳಿಯಿಂದ 90 ಡಿಗ್ರಿಗೆ ಬರೋಷ್ಟರಲ್ಲಿ 0.8 ಮಿಮೀ ಉದ್ದ ಆಗತ್ತೆ, ಬ್ಲಾಕು 0.4 ಅಷ್ಟೇ. ಅಂದ್ರೆ ಪ್ರತಿ ಸಲ ಸ್ಟಾರ್ಟ್ ಮಾಡಿ ನಿಲ್ಸಿದಾಗ್ಲೂ ಹೆಡ್ಡಿನ ಎರಡೂ ತುದಿ ಗ್ಯಾಸ್ಕೆಟ್ ಮೇಲೆ ಸ್ವಲ್ಪ ಸ್ವಲ್ಪ ಉಜ್ಜುತ್ತೆ. ಪದ್ಮಿನಿದೂ ಇದೇ ಕಥೆ, ಕಬ್ಬಿಣದ ಬ್ಲಾಕು, ಅಲ್ಯುಮಿನಿಯಂ ಹೆಡ್ಡು.

ತಾಮ್ರದ ವಿಷ್ಯ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಅದರ ಪೆಟ್ಟು ನಾನೇ ತಿಂದಿದೀನಿ. ತುಂಬ ವರ್ಷದ ಹಿಂದೆ ಒಂದು ಪದ್ಮಿನಿ ಎಂಜಿನ್‌ಗೆ ದಪ್ಪ ತಾಮ್ರದ ಹಾಳೆ ಕತ್ತರಿಸ್ಕೊಂಡು ಗ್ಯಾಸ್ಕೆಟ್ ಮಾಡಿಸ್ದೆ, ಹೆಡ್ ಫೇಸಿಂಗ್‌ಗೆ (ಮುಖ ಸ್ವಲ್ಪ ಕೆರೆದು ನೇರ ಮಾಡೋದು) ಒಂದು ಲೇತ್ ಅಂಗಡಿಗೆ ಕೊಟ್ಟೆ. ಅವ್ರು ಕೊಟ್ಟ ಹೆಡ್ಡಿನ ಮೇಲೆ ಉಗುರು ಅಡ್ಡ ಎಳೆದ್ರೆ ಬಾಚಣಿಗೆ ಮೇಲೆ ಎಳೆದ ಹಾಗೆ ಕರ್ ಕರ್ ಅನ್ನೋದು. ಆಗ ನಂಗೆ ಅದು ತಪ್ಪು ಅಂತ ಗೊತ್ತಿರ್ಲಿಲ್ಲ, ತಾಮ್ರ ಮೆತ್ತಗಿರತ್ತಲ್ಲ ಕೂತ್ಕೊಳ್ಳತ್ತೆ ಅಂದ್ಕೊಂಡೆ. ಎರಡು ವಾರಕ್ಕೆ ಹಿಂದಿನ ಮೂಲೇಲಿ ಬ್ಲಾಕ್ ಮೇಲೆ ಹಸಿರು ಗೆರೆ ಇಳಿದಿತ್ತು, ಕೂಲಂಟ್ ಸಣ್ಣಗೆ ಒಸರಿ ಅಲ್ಲೇ ಒಣಗಿ ಒಣಗಿ ಆಗಿದ್ದು. ಸಿಲಿಂಡರ್ ಒಳಗಿನ ಗ್ಯಾಸ್ ಮಾತ್ರ ಒಂದು ಚೂರೂ ಲೀಕ್ ಇರ್ಲಿಲ್ಲ. ತಾಮ್ರದ ಗುಣಾನೇ ಅದು. ಬೆಂಕಿ ತಡ್ಯತ್ತೆ, ಬಿಸಿ ಹಂಚತ್ತೆ, ಆದ್ರೆ ಒಂದ್ಸಲ ಒತ್ತಿದ್ರೆ ವಾಪಸ್ ಉಬ್ಬಿ ಬರಲ್ಲ. ಹೆಡ್ಡು ಹಿಗ್ಗಿ ಕುಗ್ಗಿದಾಗ ನೀರಿನ ತೂತಿನ ಸುತ್ತ ಸಂದು ಬೀಳತ್ತೆ, ಅದನ್ನ ತುಂಬೋ ಶಕ್ತಿ ಅದಕ್ಕಿಲ್ಲ. ರೇಸ್ ಎಂಜಿನ್‌ನವ್ರು, ಟರ್ಬೋಗೆ ಜಾಸ್ತಿ ಬೂಸ್ಟ್ ಹಾಕೋರು ತಾಮ್ರ ಬಳಸ್ತಾರೆ ನಿಜ, ಅವ್ರು ಬೋರ್ ಸುತ್ತ ಸಣ್ಣ ಕಾಲುವೆ ತರ ಕೊರೆಸಿ ಸ್ಟೀಲ್ ತಂತಿ ಕೂರಿಸ್ತಾರೆ, ನೀರಿನ ತೂತಿಗೆ ಸೀಲಂಟ್ ಸ್ಪ್ರೇ ಮಾಡ್ತಾರೆ, ಆಗಾಗ ಬಿಚ್ಚಿ ನೋಡ್ತಾರೆ. ಹಳೇ ತಾಮ್ರ ಮತ್ತೆ ಹಾಕ್ಬೇಕಂದ್ರೆ ಮಂದ ಕೆಂಪಗಾಗೋ ತನಕ ಕಾಸಿ ಮೆತ್ತಗೆ ಮಾಡ್ಕೋಬೇಕು, ಒತ್ತಿ ಒತ್ತಿ ಅದು ಗಡಸಾಗಿರತ್ತೆ. ದಿನಾ ಓಡಿಸೋ ಗಾಡಿಗೆ ಜೀವಮಾನಕ್ಕೆ ಸಾಕು ಅನ್ನೋ ಮಾತು ನಾನು ಒಪ್ಪಲ್ಲ.

ಸ್ಟೀಲ್ ಪದರದ್ದು, ಎಂಎಲ್ಎಸ್ ಅಂತಾರಲ್ಲ, ಅದು ನಿಜವಾಗ್ಲೂ ಒಳ್ಳೇದು, ಅದರ ಬಗ್ಗೆ ಎರಡು ಮಾತಿಲ್ಲ. ಸ್ಪ್ರಿಂಗ್ ತರದ ಸ್ಟೇನ್‌ಲೆಸ್ ಸ್ಟೀಲ್ ತಗಡು ಮೂರೋ ನಾಲ್ಕೋ, ಹೊರಗಿನ ತಗಡುಗಳ ಮೇಲೆ ತೂತಿನ ಸುತ್ತ ಸಣ್ಣ ಏಣು ಒತ್ತಿರ್ತಾರೆ, ಮೇಲೆ ತೆಳ್ಳಗೆ ರಬ್ಬರ್ ಲೇಪ. ಹೆಡ್ಡು ಎದ್ದು ಕೂತಾಗ ಆ ಏಣು ಸ್ಪ್ರಿಂಗ್ ಹಾಗೆ ಜೊತೆಗೇ ಏಳತ್ತೆ, ಕೂರತ್ತೆ, ಹೆಡ್ಡು ಉಜ್ಜಿದ್ರೂ ಕಿತ್ಕೊಂಡು ಬರಲ್ಲ. ಆದ್ರೆ ಅದಕ್ಕೆ ಬೇಕಾದ ಮುಖ ಗಾಜಿನ ಹತ್ರ ಇರ್ಬೇಕು. ಒರಟುತನ ಅಳೆಯೋ ಆರ್‌ಎ ಲೆಕ್ಕದಲ್ಲಿ 1.25 ಮೈಕ್ರಾನ್ ಒಳಗೆ, ಇನ್ನೂ ಕಮ್ಮಿ ಇದ್ರೆ ಇನ್ನೂ ಒಳ್ಳೇದು. ಹೆಡ್ ಮಾತ್ರ ಫೇಸಿಂಗ್ ಮಾಡ್ಸಿದ್ರೆ ಸಾಲಲ್ಲ, ಬ್ಲಾಕೂ ಅಷ್ಟೇ ನುಣುಪಾಗ್ಬೇಕು, ಅಂದ್ರೆ ಎಂಜಿನ್ ಪೂರ್ತಿ ಇಳಿಸಿ, ಖಾಲಿ ಬ್ಲಾಕ್ ಹೊತ್ಕೊಂಡು ಮೈಸೂರಿಗೋ ಮಂಗಳೂರಿಗೋ ಒಳ್ಳೆ ಮೆಷಿನ್ ಇರೋ ಕಡೆ ಹೋಗ್ಬೇಕು. ಇನ್ನೊಂದು ಕಷ್ಟ, ತಾಮ್ರದ ಹಾಗೆ ಇದನ್ನ ಹಾಳೇಲಿ ಕತ್ತರಿಸೋಕಾಗಲ್ಲ, ಏಣು ಒತ್ತೋಕೆ ಅಚ್ಚು ಬೇಕು. ಹಳೇ ಎಂಜಿನ್‌ಗೆ ಅಳತೆ ಕಳಿಸಿದ್ರೆ ಅಮೆರಿಕದ ಕಾಮೆಟಿಕ್‌ನಂಥವ್ರು ಮಾಡ್ಕೊಡ್ತಾರೆ, ಖರ್ಚೂ ಹಾಗೇ ಇರತ್ತೆ.

ಇನ್ನು ಮಾಮೂಲಿದು, ಕಾಂಪೋಸಿಟ್. ನಡುವೆ ತೂತು ತೂತಿನ ಸ್ಟೀಲ್ ತಗಡು, ಎರಡೂ ಕಡೆ ಗ್ರಾಫೈಟೋ ಫೈಬರೋ ಒತ್ತಿರ್ತಾರೆ, ಬೋರ್ ಸುತ್ತ ಬೆಂಕಿ ತಡೆಯೋ ಸ್ಟೀಲ್ ಬಳೆ, ಫೈರ್ ರಿಂಗ್. ಇದರ ದೊಡ್ಡ ಗುಣ ಅಂದ್ರೆ ಸಣ್ಣ ಪುಟ್ಟ ಗೀರು, ನೀರಿನ ತೂತಿನ ಪಕ್ಕ ತುಕ್ಕು ತಿಂದ ಗುಳಿ, ಎಲ್ಲಕ್ಕೂ ತಾನೇ ಹೊಂದ್ಕೊಂಡು ತುಂಬ್ಕೊಳ್ಳತ್ತೆ. 2 ಮೈಕ್ರಾನ್ ಒರಟಿದ್ರೂ ಸಹಿಸ್ಕೊಳ್ಳತ್ತೆ, ಅಲ್ಯುಮಿನಿಯಂ ಹೆಡ್ ಆದ್ರಿಂದ 1.5 ಹತ್ರ ತಂದ್ಬಿಟ್ರೆ ನೆಮ್ಮದಿ. ಕಾರ್ಬ್ಯುರೇಟರ್ ಎಂಜಿನ್ನು, ಟರ್ಬೋ ಇಲ್ಲ, ಕ್ಯಾಮ್ ಸ್ವಲ್ಪ ಜೋರು ಅಷ್ಟೇ ಅಂದ್ರೆ ಗ್ರಾಫೈಟ್ ಮುಖದ್ದು ಒಳ್ಳೆದು ಸಿಕ್ರೆ ಕಣ್ಮುಚ್ಚಿ ಹಾಕಿ. ಮುಂದೆ ಯಾವತ್ತಾದ್ರೂ ಎಂಜಿನ್ ಪೂರ್ತಿ ಇಳಿಸಿ ಬೋರಿಂಗ್ ಮಾಡ್ಸೋ ದಿನ ಬಂದ್ರೆ ಆಗ ಬ್ಲಾಕನ್ನೂ ಫೇಸಿಂಗ್ ಮಾಡ್ಸಿ ಎಂಎಲ್ಎಸ್ ಯೋಚನೆ ಮಾಡಿ.

ಅಂಗಡೀಲಿ ಹಳೇ ಸ್ಟಾಕ್ ಅಂತ ಧೂಳು ಹಿಡಿದ ಪ್ಯಾಕೆಟ್ ಕೊಟ್ರೆ ತಗೋಬೇಡಿ. ಹಿಂದಿನ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ನಿಮ್ಮ ಎಂಜಿನ್‌ದ್ದೇ ಹಳೇ ಗ್ಯಾಸ್ಕೆಟ್‌ನಲ್ಲೂ ಇರಬಹುದು. ಕೆರೆಯುವಾಗ ಒದ್ದೆ ಮಾಡ್ಕೊಂಡು ಕೆರೀರಿ, ವೈರ್ ಬ್ರಷ್ ಹಾಕಿದ ಡ್ರಿಲ್ ಓಡಿಸ್ಬೇಡಿ, ಕಂಪ್ರೆಸರ್ ಗಾಳಿ ಹೊಡೀಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ.

ಮುಖ ನೋಡೋದು ಹೇಗೆ ಅಂದ್ರೆ ಒಂದು ಒಳ್ಳೆ ಸ್ಟ್ರೇಟ್ ಎಡ್ಜು (ಚೂರೂ ಬಾಗದ ಪಟ್ಟಿ), ಒಂದು ಫೀಲರ್ ಗೇಜು (ಸಂದು ಅಳೆಯೋ ತೆಳು ಬ್ಲೇಡುಗಳ ಸೆಟ್ಟು) ಸಾಕು. ಹೆಡ್ಡನ್ನ ಮಗುಚಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ 0.05 ಮಿಮೀ ಬ್ಲೇಡ್ ತೂರಿಸಿ ನೋಡಿ. ಎಲ್ಲೂ ಹೋಗ್ಲಿಲ್ಲ ಅಂದ್ರೆ ಸಂತೋಷ. 0.1 ಮಿಮೀ ಬ್ಲೇಡ್ ಸಲೀಸಾಗಿ ಹೋಯ್ತು ಅಂದ್ರೆ ಹೆಡ್ ಬೆಂಡ್ ಆಗಿದೆ, ಫೇಸಿಂಗ್ ಆಗ್ಲೇಬೇಕು. ಬ್ಲಾಕ್ ಮೇಲೂ ಹಾಗೇ ನೋಡಿ, ಇದನ್ನ ಬಿಟ್ಬಿಡೋರೇ ಜಾಸ್ತಿ. ಘಾಟೀಲಿ ಹೀಟ್ ಆಗಿದ್ದು ಅಂದ್ರಲ್ಲ, ಪಕ್ಕದ ತೋಡಿಂದ ನೀರು ತಂದು ಬಿಸಿ ಎಂಜಿನ್‌ಗೆ ಹಾಗೇ ಸುರಿದ್ರಾ? ಸುರಿದಿದ್ರೆ ಬೆಂಡ್ ಜೊತೆಗೆ ಬಿರುಕೂ ಇದೆಯಾ ಅಂತ ಪ್ರೆಶರ್ ಟೆಸ್ಟ್ ಮಾಡ್ಸಿ, ಹೆಚ್ಚಾಗಿ ಎರಡು ವಾಲ್ವ್ ಸೀಟ್ ನಡುವೆ ಬಿಟ್ಟಿರತ್ತೆ. ಬಿರುಕು ಬಿಟ್ಟ ಹೆಡ್ಡಿಗೆ ಯಾವ ಗ್ಯಾಸ್ಕೆಟ್ ಹಾಕಿದ್ರೂ ಅಷ್ಟೇ.

ಫೇಸಿಂಗ್ ಮಾಡ್ಸಿದಷ್ಟೂ ಕಂಪ್ರೆಷನ್ (ಪಿಸ್ಟನ್ ಗಾಳಿ-ಪೆಟ್ರೋಲನ್ನ ಎಷ್ಟು ಪಟ್ಟು ಒತ್ತತ್ತೆ ಅನ್ನೋದು) ಏರತ್ತೆ, ಗ್ಯಾಸ್ಕೆಟ್ ದಪ್ಪದಿಂದ ಅದನ್ನ ಸರಿದೂಗಿಸ್ಬಹುದು. 84 ಮಿಮೀ ಬೋರ್‌ಗೆ ಗ್ಯಾಸ್ಕೆಟ್ 0.1 ಮಿಮೀ ಬದಲಾದ್ರೆ ಸಿಲಿಂಡರ್‌ಗೆ ಸುಮಾರು 0.55 ಸಿಸಿ. ಕಂಪ್ರೆಷನ್ 8.5 ಇದೆ ಅಂತ ಇಟ್ಕೊಳ್ಳಿ, ಅರ್ಧ ಮಿಮೀ ತೆಳುವಿನದು ಹಾಕಿದ್ರೆ 8.85 ಹತ್ರ ಹೋಗತ್ತೆ. ಚುರುಕು ಬೇಕು ಅಂತ ತೆಳು ಮಾಡೋಕೆ ಮುಂಚೆ ಒಂದು ಯೋಚನೆ ಮಾಡಿ, ಗ್ಯಾಸ್ಕೆಟ್‌ನ ಕೊಲ್ಲೋದು ಪ್ರೆಶರ್‌ಗಿಂತ ಜಾಸ್ತಿ ನಾಕಿಂಗು, ಅಂದ್ರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು. ಕಿಡಿ ಹೊಡೆಯೋ ಟೈಮಿಂಗ್ ಮುಂದೆ ಇಟ್ಟು, ಮಿಕ್ಸ್ಚರ್ ತೆಳು ಮಾಡಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಘಾಟೀಲಿ ಥರ್ಡ್ ಗೇರಲ್ಲಿ ಒತ್ತಿ ಹತ್ತಿಸಿದ್ರೆ ಆ ಟಣ್ ಟಣ್ ಶಬ್ದ ಬರತ್ತಲ್ಲ, ಅದು ಫೈರ್ ರಿಂಗ್‌ಗೆ ಸುತ್ತಿಗೆ ಏಟು. ಈಗಿನ ಇ20 ಪೆಟ್ರೋಲ್ (ಶೇಕಡಾ 20 ಎಥೆನಾಲ್ ಬೆರೆಸಿದ್ದು) ಬೇರೆ, ಎಥೆನಾಲ್‌ನಲ್ಲೇ ಆಮ್ಲಜನಕ ಇರೋದ್ರಿಂದ ಹಳೇ ಕಾರ್ಬ್ಯುರೇಟರ್ ಸೆಟ್ಟಿಂಗಲ್ಲಿ ಮಿಕ್ಸ್ಚರ್ ಇನ್ನೂ ತೆಳುವಾಗತ್ತೆ, ಪೆಟ್ರೋಲ್ ಬರೋ ತೂತು, ಜೆಟ್ ಅಂತಾರಲ್ಲ, ಸ್ವಲ್ಪ ದೊಡ್ಡದು ಬೇಕಾಗಬಹುದು. ಇನ್ನೊಂದು, ನಿಮ್ದು ಓವರ್‌ಹೆಡ್ ಕ್ಯಾಮ್, ಅಂದ್ರೆ ಕ್ಯಾಮ್ ಹೆಡ್ಡಲ್ಲೇ ಇರೋದು, ಹೆಡ್ ಕೆಳಗೆ ಬಂದಷ್ಟೂ ಕ್ಯಾಮ್ ಟೈಮಿಂಗ್ ಜರುಗತ್ತೆ, ಹೊಸ ಕ್ಯಾಮ್ ಕೂರಿಸೋ ಮೊದ್ಲು ಮೆಕ್ಯಾನಿಕ್‌ಗೆ ಎಷ್ಟು ತೆಗೆಸಿದ್ದೀರಿ ಅಂತ ಹೇಳಿ.

ಕೊಡಗಲ್ಲಿ ಇರೋರಿಗೆ ಒಂದು ಮಾತು. ಹೆಡ್ ಮೈಸೂರಿಗೆ ಹೋಗಿ ಬರೋ ತನಕ ಬ್ಲಾಕ್ ಶೆಡ್ಡಲ್ಲಿ ತೆರೆದೇ ಇರತ್ತೆ, ಜುಲೈ ಮಳೇಲಿ ಒಂದೇ ರಾತ್ರೀಲಿ ಅದರ ಮುಖದ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕೂತಿರತ್ತೆ. ನಾನು ಕಣ್ಣಾರೆ ನೋಡಿದೀನಿ, ಸಂಜೆ ಬೆಳ್ಳಿ ಹಾಗಿದ್ದದ್ದು ಬೆಳಗ್ಗೆ ಅರಿಶಿನ ಕುಂಕುಮ ಚೆಲ್ಲಿದ ಹಾಗೆ. ಬಿಚ್ಚಿದ ಕೂಡ್ಲೇ ಎಂಜಿನ್ ಆಯಿಲ್ ಸವರಿ ಪ್ಲಾಸ್ಟಿಕ್ ಮುಚ್ಚಿಡಿ, ಜೋಡಿಸೋ ದಿನ ಥಿನ್ನರ್‌ನಲ್ಲಿ ಒಂದು ಹನಿ ಎಣ್ಣೆ ಇಲ್ದಂಗೆ ಒರೆಸಿ. ಗ್ಯಾಸ್ಕೆಟ್ ಕೂಡ ಗೋಡೆಗೆ ಮೊಳೆ ಹೊಡ್ದು ನೇತು ಹಾಕ್ಬೇಡಿ, ಪ್ಯಾಕೆಟಲ್ಲೇ ಮಟ್ಟಸವಾಗಿ ಮಲಗಿಸಿಡಿ.

ಜೋಡಿಸುವಾಗ ಬೋಲ್ಟ್ ತೂತು ಪೂರ್ತಿ ಖಾಲಿ ಇರ್ಬೇಕು. ಒಳಗೆ ನೀರೋ ಆಯಿಲೋ ನಿಂತಿದ್ರೆ ಬೋಲ್ಟ್ ತಿರುಗಿಸಿದಾಗ ಅದಕ್ಕೆ ಹೋಗೋ ಜಾಗ ಇಲ್ದೆ ಬ್ಲಾಕೇ ಸೀಳಬಹುದು. ಥ್ರೆಡ್ಡಿಗೆ ತೆಳ್ಳಗೆ ಎಣ್ಣೆ, ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್), ನಡುವಿಂದ ಶುರು ಮಾಡಿ ಹೊರಕ್ಕೆ, ಮೂರು ಹಂತದಲ್ಲಿ, ಮ್ಯಾನ್ಯುಯಲ್ಲಲ್ಲಿರೋ ಅಂಕೀನೇ. ಗ್ರಾಫೈಟ್ ಮೇಲೆ ಸಿಲಿಕಾನ್ ಪೇಸ್ಟ್ ಹಚ್ಚೋದು ಬೇಡ, ಅದು ಜಾರಿಸತ್ತೆ.

ಆಮೇಲೆ ಗಾಡಿ ಒಂದ್ಸಲ ಪೂರ್ತಿ ಬಿಸಿ ಮಾಡಿ, ರಾತ್ರಿ ಪೂರ್ತಿ ತಣ್ಣಗಾಗೋಕೆ ಬಿಡಿ. ಪ್ಯಾಕೆಟ್ ಮೇಲೆ ರೀಟಾರ್ಕ್ (ಮತ್ತೆ ಬಿಗಿಯೋದು) ಬೇಡ ಅಂತ ಬರೆದಿಲ್ಲ ಅಂದ್ರೆ ಬೆಳಗ್ಗೆ ತಣ್ಣಗಿದ್ದಾಗ್ಲೇ ಒಂದೊಂದೇ ಬೋಲ್ಟ್ ಕಾಲು ಸುತ್ತು ಸಡಿಲಿಸಿ ಅದೇ ಟಾರ್ಕಿಗೆ ಮತ್ತೆ ಬಿಗೀರಿ, ಮೊದಲಿನ ವರಸೇಲೇ. ರೇಡಿಯೇಟರ್ ಕ್ಯಾಪ್ ಹಳೇದಿದ್ರೆ ಇದರ ಜೊತೇಲೇ ಹೊಸದು ಹಾಕಿ. ಮಡಿಕೇರಿ ಎತ್ತರದಲ್ಲಿ ಬರೀ ನೀರು 96 ಡಿಗ್ರಿಗೇ ಕುದಿಯತ್ತೆ, ಕ್ಯಾಪ್ ಪ್ರೆಶರ್ ಹಿಡ್ಕೊಂಡಿದ್ರೆ ಮಾತ್ರ ಆ ಕುದಿಯೋ ಡಿಗ್ರಿ ಮೇಲೆ ಹೋಗೋದು, ತೋಡಿನ ನೀರಿನ ಬದ್ಲು ಕೂಲಂಟ್ ಹಾಕಿದ್ರೆ ನೀರಿನ ತೂತಿನ ಪಕ್ಕ ಅಲ್ಯುಮಿನಿಯಂ ತಿನ್ನೋದೂ ಕಮ್ಮಿ ಆಗತ್ತೆ. ಮೊದಲ 500 ಕಿಮೀ ಕುಶಾಲನಗರದ ಕಡೆ ಮಟ್ಟಸ ರಸ್ತೇಲಿ ಓಡಿಸಿ, ಡಿಪ್‌ಸ್ಟಿಕ್ ದಿನಾ ಎಳೆದು ಆಯಿಲ್ ಹಾಲು ಬೆರೆಸಿದ ಚಾ ಬಣ್ಣಕ್ಕೆ ತಿರುಗಿಲ್ಲ ಅಂತ ನೋಡ್ಕೊಳ್ಳಿ, ಸಂಪಾಜೆ ಘಾಟಿ ಅದಾದ್ಮೇಲೆ ಹತ್ತಿಸಿ.